ಅಕ್ಕ ಉಜ್ಜಿದ ಬಾಗಿಲು

ಇವತ್ತು ಬೆಳಿಗ್ಗೆ ಕಾರಡ್ಕದ ನಮ್ಮ ಪಕ್ಕದ ಮನೆಯ ಹೊಸ ಕಿಟಕಿಗಳಿಗೆ ವಾರ್ನಿಶ್ ಹಚ್ಚುತ್ತಿದ್ದರು. ತಿನ್ನರಿನ ಘಾಟು ನಮ್ಮ ಅಡುಗೆಕೋಣೆಯವರೆಗೆ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನನಗೆ ಮಾತ್ರ ಆ ವಾಸನೆ ಬಂದರೆ ವರ್ಕಾಡಿಯ ಅಕ್ಕನ ಮನೆಯ ಬಾಗಿಲು ನೆನಪಾಗುತ್ತದೆ. ನಿಮಗೆ ಪುರುಸೊತ್ತು ಉಂಟಾದರೆ ಹೇಳುತ್ತೇನೆ.

ಅಕ್ಕ ಬೀಡಿ ಕಟ್ಟುತ್ತಿದ್ದವಳು. ಟಿ.ವಿ. ನೋಡುತ್ತ, ನೆರೆಮನೆಯವರೊಡನೆ ಹರಟುತ್ತ, ಕೈಯತ್ತ ನೋಡದೆಯೇ ಎಲೆ ಸುತ್ತಿ ನೂಲು ಬಿಗಿಯುತ್ತಿದ್ದಳು. ಒಂದು ದಿನ ಪಾರ್ಶ್ವವಾಯು ಬಡಿದು ಬಚ್ಚಲಲ್ಲಿ ಕುಸಿದಳು. ಜೀವ ಉಳಿಯಿತು, ಮಾತು ಸರಿಯಾಯಿತು, ಕಾಲೆಳೆದುಕೊಂಡು ನಡೆದಳು ಕೂಡ. ಆದರೆ ಬಲಗೈ? ತೋಳು ಒಂದಿಷ್ಟು ಆಡುತ್ತಿತ್ತು, ಅಷ್ಟೆ. ಬೆರಳುಗಳಿಗೆ ಬಿಸಿ ತಣ್ಣಗೆ ಒಂದೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯವರು ಒತ್ತಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. “ಚೆಂಡು ಹಿಡ್ಕೊಂಡು ಕೂರ್ಲಿಕ್ಕೆ ನಾನೆಂತ ಸಣ್ಣ ಮಗುವಾ?” ಎಂದು ಅದನ್ನು ಮಂಚದಡಿಗೆ ಎಸೆದಳು. ಭಾವ ಜೀಪು ಓಡಿಸುವವರು, ಸಾಧು ಮನುಷ್ಯ. ಅವರು ಹೇಳಿದರೆ ಅವಳು ಕೇಳುವುದಿಲ್ಲ. ನಾನು ಹೇಳಿದರೂ ಕೇಳುವುದಿಲ್ಲ.

ಆ ಬೇಸಿಗೆಯಲ್ಲಿ ಅವರ ಮನೆಗೆ ಹಲಸಿನ ಮರದ ಹೊಸ ಬಾಗಿಲು ಬಂತು. ಪಶ್ಚಿಮಕ್ಕೆ ಮುಖ, ಮಳೆ ನೇರ ಬಡಿಯುವ ಜಾಗ. ನೀರು ಇಳಿಯಬಾರದು, ಆದರೆ ಹಲಸಿನ ಹಳದಿ ಕಾಣಬೇಕು ಎಂದು ಬಣ್ಣವಿಲ್ಲದ ವಾರ್ನಿಶ್ ತಂದೆವು. ಬರುತ್ತೇನೆಂದ ಪೈಂಟರ್ ಬರಲಿಲ್ಲ. ಶಾಲೆಗೆ ರಜೆಯಿದ್ದ ಮಾಸ್ತರ ನಾನು, ಇದರಲ್ಲೇನು ಮಹಾ ಎಂದು ಬ್ರಶ್ ಹಿಡಿದೆ.

ದಪ್ಪ ಹಚ್ಚಿದರೆ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಮರುದಿನ ನೋಡಿದರೆ, ಗೋಡೆಗೆ ಒರಗಿಸಿದ್ದ ಬಾಗಿಲಿನ ತುಂಬ ಇಳಿದ ಗೆರೆಗಳು, ಗುಳ್ಳೆಗಳು, ನಡುವೆ ಅಂಟಿಕೊಂಡು ಸತ್ತ ಒಂದು ಸೊಳ್ಳೆ.

“ಎಂತ ಮಾರಾಯ ಇದು? ಬೆಲ್ಲದ ಪಾಕ ಹೊಯ್ದದ್ದಾ?” ಎಂದಳು ಅಕ್ಕ. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಉಜ್ಜಿ ತೆಗೆಯದೆ ಬೇರೆ ದಾರಿ ಇರಲಿಲ್ಲ. ಬಾಗಿಲನ್ನು ಜಗಲಿಯಲ್ಲಿ ಸ್ಟೂಲುಗಳ ಮೇಲೆ ಮಲಗಿಸಿದೆವು. ನಾನು ಅಡ್ಡಾದಿಡ್ಡಿ ಉಜ್ಜುವುದನ್ನು ನೋಡಲಾರದೆ ಅಕ್ಕ ಕುರ್ಚಿ ಎಳೆದುಕೊಂಡಳು.

“ಮರದ ಎಳೆ ಹೋದ ಹಾಗೆ ಉಜ್ಜು. ಅಲ್ಲ, ಇತ್ಲಾಗಿ ಕೊಡು.”

“ಎಡಗೈಯಲ್ಲಾ?”

“ಎರಡರಲ್ಲೂ.”

ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ, ಹಳೇ ಸೀರೆಯ ಪಟ್ಟಿಯಿಂದ ಅವಳ ಬಲಗೈಗೆ ಕಟ್ಟಿದೆ. ಅದರ ಮೇಲೆ ಎಡಗೈಯಿಟ್ಟು ಅವಳು ದೂಡತೊಡಗಿದಳು.

ಮುಂದೆ ಅದೇ ಕ್ರಮವಾಯಿತು. ನಾನು ತೆಳ್ಳಗೆ ಒಂದು ಪದರ ಹಚ್ಚುವುದು, ಅದು ಒಣಗಿದ ಮೇಲೆ ಅವಳು ನಯವಾದ ಕಾಗದದಲ್ಲಿ ಹಗುರವಾಗಿ ಉಜ್ಜುವುದು, ಬಿಳಿ ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೊಂದು ಪದರ ಹಚ್ಚುವುದು. ಉಜ್ಜಿದಾಗಲೆಲ್ಲ ಹೊಳಪು ಸತ್ತು ಬಾಗಿಲು ಹಾಳಾಯಿತೆಂದೇ ಕಾಣುತ್ತದೆ. ಆದರೆ ಹಾಗೆ ಗೀರದಿದ್ದರೆ ಮುಂದಿನ ಪದರ ಕಚ್ಚುವುದಿಲ್ಲ. ನನಗೆ ಬಾಗಿಲು ಸಾಕಾಗಿತ್ತು. ಅಕ್ಕನಿಗೆ ಸಾಕಾಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬ್ರಶ್ ತೊಳೆಯುತ್ತಿದ್ದೆ. ಅಕ್ಕ ಪಟ್ಟಿ ಬಿಚ್ಚಿಸಿಕೊಂಡು ಬಾಗಿಲನ್ನು ಸವರುತ್ತಿದ್ದವಳು, “ಇಲ್ಲಿ ಇನ್ನೂ ತರಿ ಉಂಟು” ಎಂದಳು.

“ಇರಲಿ ಬಿಡು” ಎಂದೆ ನಾನು.

ಚಹಾ ಹಿಡಿದು ನಿಂತಿದ್ದ ಭಾವ ಮೆಲ್ಲಗೆ ಕೇಳಿದರು, “ಗೊತ್ತಾದದ್ದು ಯಾವ ಕೈಗೆ?”

ಅಕ್ಕ ತಲೆ ಬಗ್ಗಿಸಿ ನೋಡಿದಳು. ಎಡಗೈ ಮಡಿಲಲ್ಲಿತ್ತು. ಬಾಗಿಲ ಮೇಲಿದ್ದದ್ದು ಬಲಗೈ. ಕಣ್ಣು ಮುಚ್ಚಿ ಮತ್ತೊಮ್ಮೆ ಸವರಿದಳು. “ಉಂಟು, ತರಿ ಉಂಟು” ಎಂದಳು. ಭಾವ ಚಹಾವನ್ನು ಅಲ್ಲೇ ಇಟ್ಟು ಅಂಗಳಕ್ಕಿಳಿದರು. ಬೆಳಿಗ್ಗೆ ಒರೆಸಿದ್ದ ಜೀಪಿನ ಗಾಜನ್ನು ಮತ್ತೆ ಒರೆಸತೊಡಗಿದರು.

ಪವಾಡವೇನೂ ಆಗಲಿಲ್ಲ. ಸಂಜೆ ಮಂಚದಡಿಯಿಂದ ಚೆಂಡು ಹೊರಗೆ ಬಂತು, ಅಷ್ಟೆ. ಬೀಡಿ ಕಟ್ಟುವ ಚುರುಕು ಬೆರಳುಗಳಿಗೆ ಮತ್ತೆ ಬರಲೇ ಇಲ್ಲ. ಆ ಕೆಲಸ ಬಿಟ್ಟಳು. ಆದರೆ ಅನ್ನ ತಾನೇ ಕಲಸಿ ಉಣ್ಣುತ್ತಾಳೆ, ತಲೆ ತಾನೇ ಬಾಚಿಕೊಳ್ಳುತ್ತಾಳೆ.

ಇಷ್ಟೆಲ್ಲ ನೆನಪಾಗಿ ಈಗ ಅವಳಿಗೆ ಫೋನ್ ಮಾಡಿದೆ. ಊಟಕ್ಕೆ ಪದಾರ್ಥ ಎಂತ ಎಂದು ಕೇಳಿದೆ. ಬಸಳೆಯಂತೆ. ಭಾವನ ಗೊರಕೆಯ ಬಗ್ಗೆ ದೂರಿದಳು. ಫೋನ್ ಇಡುವ ಹೊತ್ತಿಗೆ ಅವಳೇ ಕೇಳಿದಳು, “ಎಂತ, ಯಾವಾಗಲೂ ಮೊದಲು ಕೈ ವಿಚಾರಿಸ್ತಿದ್ದವ ಇವತ್ತು ಕೇಳಲೇ ಇಲ್ಲ?”

“ಮರೆತೇ ಹೋಯ್ತು ಅಕ್ಕ.”

“ಒಳ್ಳೇದಾಯ್ತು ಮಾರಾಯ” ಎಂದಳು.