ಭತ್ತದ ತಕ್ಕಡಿಯ ಮೇಲೆ ನಿಂತವನು

ನಾನು ನಿಂತಿದ್ದು ಸಿರುಗುಪ್ಪದ ಒಂದು ಖಾಸಗಿ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ, ಸೂಜಿ ಕುದಿಸುವ ಸ್ಟೌವಿನಿಂದ ಎರಡು ಹೆಜ್ಜೆ ಎಡಕ್ಕೆ. ಎಂಬತ್ತೆಂಟನೆಯ ಇಸವಿ, ಗಣಪತಿಯನ್ನು ಬಿಟ್ಟ ಮರುದಿನ, ಬೆಳಗಿನ ಹನ್ನೊಂದು ಗಂಟೆ. ಇಷ್ಟು ನಿಖರವಾಗಿ ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಮೊನ್ನೆ ಬಳ್ಳಾರಿಯ ಪಾರ್ವತಿನಗರದ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿದಾಗ ಸ್ಪಿರಿಟ್ಟಿನ ವಾಸನೆ ಬಂತು ನೋಡಿ, ಅದರ ಹಿಂದೆಯೇ ಆ ಕೋಣೆಯೂ ಬಂತು.

ಆಗ ನಾನು ಅಲ್ಲಿ ಕಂಪೌಂಡರ್. ಬಳ್ಳಾರಿ ಪೇಟೆಯಲ್ಲಿ ಬೆಳೆದವನು. ಭತ್ತವನ್ನು ಕಂಡದ್ದು ಹೆಚ್ಚಾಗಿ ಅನ್ನವಾದ ಮೇಲೆಯೇ. ಆ ದಿನ ಬಸಣ್ಣನೆಂಬ ಲಾರಿ ಡ್ರೈವರನಿಗೆ ಇಂಜೆಕ್ಷನ್ ಕೊಟ್ಟಿದ್ದೆ. ಮೋಕ ಎಂಬ ಹಳ್ಳಿಯವನು, ಅಕ್ಕಿ ಹೇರಿಕೊಂಡು ಬೊಂಬಾಯಿಗೆ ಹೋಗಿಬರುತ್ತಿದ್ದ. ಗಾಜಿನ ಸಿರಿಂಜಿನಿಂದ ಸೂಜಿ ಬಿಡಿಸುವಾಗ ಅದು ನನ್ನ ಹೆಬ್ಬೆರಳಿಗೆ ಆಳವಾಗಿ ಇಳಿಯಿತು. ಬಾಗಿಲಲ್ಲಿ ತೋಳು ಉಜ್ಜಿಕೊಳ್ಳುತ್ತಿದ್ದ ಬಸಣ್ಣ ಅದನ್ನು ಕಂಡು, "ದಿನಾ ನಮಗ ಚುಚ್ಚತಿದ್ರಿ. ಇವತ್ತ ಅದರ ರುಚಿ ನಿಮಗೂ ಗೊತ್ತಾತು ಬಿಡ್ರಿ" ಎಂದ. ನಾನೂ ನಕ್ಕು, ಬೆರಳು ತೊಳೆದುಕೊಂಡು ಮರೆತೆ.

ಮರೆತದ್ದು ಮೂರು ವಾರ. ಆಮೇಲೆ ಪತ್ರಿಕೆಯಲ್ಲಿ ಏಡ್ಸ್ ಎಂಬ ಹೊಸ ರೋಗದ ಬಗ್ಗೆ ಓದಿದೆ: ರಕ್ತದಿಂದ ಬರುತ್ತದೆ, ಸೂಜಿಯಿಂದಲೂ ಬರಬಹುದು, ಮದ್ದಿಲ್ಲ. ಅದೇ ವಾರ ಬಸಣ್ಣ ಮತ್ತೆ ಬಂದ. ಕೆಮ್ಮುತ್ತಿದ್ದ, ಅಂಗಿ ಅವನ ಮೈಮೇಲೆ ಜೋತುಬಿದ್ದಿತ್ತು. ಲಾರಿ, ಬೊಂಬಾಯಿ, ಸೊರಗಿದ ಮೈ. ನನ್ನೊಳಗೊಬ್ಬ ನ್ಯಾಯಾಧೀಶ ಎದ್ದು ಕುಳಿತು, ಸಾಕ್ಷಿಯನ್ನೇ ಕರೆಸದೆ ಇಬ್ಬರಿಗೂ ತೀರ್ಪು ಕೊಟ್ಟುಬಿಟ್ಟ.

ಅಲ್ಲಿಂದ ನನ್ನ ಮೈ ಒಂದೊಂದಾಗಿ ಗುರುತು ತೋರಿಸತೊಡಗಿತು. ಸಂಜೆಯಾದರೆ ಮೈ ಬಿಸಿ. ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಒಂದು ಗಂಟು. ಅದು ಇದೆಯೇ ಎಂದು ಗಳಿಗೆಗೊಮ್ಮೆ ಒತ್ತಿ ನೋಡುವುದು, ಒತ್ತಿದ್ದಕ್ಕೆ ಅದು ನೋಯುವುದು, ನೋಯುತ್ತದಲ್ಲ ಎಂದು ಇನ್ನಷ್ಟು ಒತ್ತುವುದು. ತೂಕ ಇಳಿಯುತ್ತದೆಂದು ಪತ್ರಿಕೆ ಬರೆದಿತ್ತು. ಕ್ಲಿನಿಕ್ಕಿನ ಯಂತ್ರದ ಮೇಲೆ ನಿಂತರೆ ಡಾಕ್ಟರು ಏಕೆಂದು ಕೇಳುತ್ತಾರೆ. ಹಾಗಾಗಿ ಪಕ್ಕದ ರೈಸ್‌ಮಿಲ್ಲಿಗೆ ಹೋಗಿ ಚೀಲ ತೂಗುವ ಕಬ್ಬಿಣದ ತಕ್ಕಡಿಯ ಮೇಲೆ ನಿಂತೆ. ಐವತ್ತೆಂಟು ಕಿಲೋ. ಹೊಸ ಭತ್ತ ಬರುವ ಹೊತ್ತಿಗೆ ಐವತ್ತಾರು. ಅದರ ಮುಂದಿನ ವಾರ, ಒಂದು ಮೋಡದ ದಿನ, ಐವತ್ತೈದು. ತೂಗುವ ಶೇಕ್ಷಾವಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಾರಾ ವಾರಾ ತೂಗಸ್ತೀರಲ್ರೀ, ಯಾರರ ಖರೀದಿಗೆ ಕೇಳ್ಯಾರೇನು?" ಎಂದ. ನಗಲು ನೋಡಿದೆ, ಆಗಲಿಲ್ಲ.

ನನ್ನ ಹೆಂಡತಿ ಗೌರಿ ಆಗ ಬಾಣಂತನಕ್ಕೆಂದು ತವರೂರು ರಾರಾವಿಯಲ್ಲಿದ್ದಳು. ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಕರೆದುಕೊಂಡು ಹೋಗಿ ಎಂದು ಅವಳು ಕಾಗದ ಬರೆದಳು. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ ಎಂದು ನಾನು ಬರೆದೆ. ಮುಂದಿನ ಕಾಗದದಲ್ಲಿ ಸುಣ್ಣ ಇನ್ನೂ ಒಣಗಿಲ್ಲ ಎಂದು ಬರೆದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಒಂದು ತಿಂಗಳು ಒಣಗದ ಸುಣ್ಣ! ಮಗುವನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಒಂದು ದಿನ ಔಷಧದ ಬಾಟಲಿಗೆ ತಪ್ಪು ಚೀಟಿ ಅಂಟಿಸಿ ಡಾಕ್ಟರ ಕೈಗೆ ಸಿಕ್ಕಿಬಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಆ ರೋಗದ ಬಗ್ಗೆ ತಾವೂ ಓದಿ ತಿಳಿದದ್ದಷ್ಟೇ, ಕಂಡಿಲ್ಲ ಎಂದರು. ಮೂರು ತಿಂಗಳು ತುಂಬಿದ ಮೇಲೆ ರಕ್ತವನ್ನು ದೊಡ್ಡ ಊರಿಗೆ ಕಳಿಸೋಣ, ಅದಕ್ಕೂ ಮೊದಲು ನೋಡಿದರೆ ಗೊತ್ತಾಗದಿರಬಹುದು, ಅಲ್ಲಿಯವರೆಗೆ ಹೆಂಡತಿಯ ಜೊತೆ ಮಾತ್ರ ಎಚ್ಚರದಿಂದಿರು ಎಂದರು. ಕೊನೆಗೆ, "ಕೂಸನ್ನ ಎತಿಗೊಂಡ್ರ ಹತ್ತೋ ರೋಗ ಅಲ್ಲಪ್ಪ ಅದು. ಹೋಗಿ ಎತಿಗೋ" ಎಂದರು. ತಲೆಯಾಡಿಸಿದೆ, ಹೋಗಲಿಲ್ಲ.

ಹೋಗದಿದ್ದರೆ ಗೌರಿ ಬರುತ್ತಾಳೆಂಬುದು ನನಗೆ ಹೊಳೆದಿರಲಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದು ಬಂದವಳು ಮೊದಲು ಗೋಡೆ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೂಜಿ, ಬಸಣ್ಣ, ಜ್ವರ, ಗಂಟು, ಎಲ್ಲ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದಿದ್ದೇನೆ ಎಂದಾಗ ಮಾತ್ರ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ಯಾವ ತಕ್ಕಡ್ಯಾಗ ನಿಂತಿದ್ರಿ?"

"ಮಿಲ್ಲಿಂದು."

"ಸುಗ್ಗ್ಯಾಗ?"

"ಹ್ಞೂಂ."

"ನಮ್ಮಪ್ಪನ ಭತ್ತಕ್ಕ ಏನ್ ಮಾಡ್ತಾರ, ನಿಮಗೂ ಅದನ್ನ ಮಾಡ್ಯಾರ. ಚೀಲಕ್ಕ ಒಂದು ಕಿಲೋ, ತೇವಕ್ಕ ಒಂದು ಕಿಲೋ ತಕ್ಕಡ್ಯಾಗನ ಮುರೀತಾರ. ಮೋಡ ಆದ್ರ ಇನ್ನೊಂದು. ರಾರಾವ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ."

ಅವಳು ಅಲ್ಲಿಗೇ ಬಿಡಲಿಲ್ಲ, ನನ್ನನ್ನು ಮಿಲ್ಲಿಗೆ ನಡೆಸಿಕೊಂಡು ಹೋದಳು. ನೀನು ಸಾಲಿ ಕಲಿತವರಿಗೂ ತೇವ ಮುರೀತೀಯೇನಪ್ಪ ಎಂದು ಶೇಕ್ಷಾವಲಿಯನ್ನು ಕೇಳಿದಳು. ಅವನು ಸಂಕೋಚದಿಂದ ತಕ್ಕಡಿಯ ಹಿಂಬದಿಯ ಸಣ್ಣ ಗುಂಡನ್ನು ತಿರುಗಿಸಿ ಮೊದಲಿನ ಜಾಗಕ್ಕೆ ತಂದ. ಐವತ್ತೇಳೂವರೆ. ಕಡಿಮೆ ಬಿದ್ದ ಅರ್ಧ ಕಿಲೋ ನನ್ನ ಹೆದರಿಕೆ ತಿಂದದ್ದು. ಇಳಿಯಲು ಹೋದರೆ ಗೌರಿ ಬಿಡಲಿಲ್ಲ. "ಹಿಡೀರಿ" ಎಂದು ಮಗಳನ್ನು ನನ್ನ ತೋಳಿಗೆ ಹಾಕಿದಳು. ಶೇಕ್ಷಾವಲಿ ಇನ್ನೊಂದು ಕಲ್ಲು ಇಟ್ಟ.

ತಕ್ಕಡಿ ರಕ್ತದ ವಿಷಯ ಹೇಳುವುದಿಲ್ಲವೆಂದು ಕಂಪೌಂಡರನಿಗೆ ಗೊತ್ತಿರುತ್ತದೆ. ಆದರೂ ಮೂರು ತಿಂಗಳು ತುಂಬಲು ಉಳಿದ ದಿನಗಳನ್ನು ಮಗಳನ್ನು ಎತ್ತಿಕೊಂಡೇ ಕಳೆದೆ. ಕುತ್ತಿಗೆಯ ಗಂಟು, ನಾನು ಒತ್ತುವುದನ್ನು ಬಿಟ್ಟ ಮೇಲೆ, ನೋಯುವುದನ್ನು ಬಿಟ್ಟಿತು. ಸಂಕ್ರಾಂತಿಯ ಆಸುಪಾಸಿನಲ್ಲಿ ರಕ್ತದ ವರದಿ ಬಂತು. ಏನೂ ಇರಲಿಲ್ಲ. ಬಸಣ್ಣನಿಗೆ ಇದ್ದದ್ದು ಕ್ಷಯ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದ, ಮತ್ತೆ ಲಾರಿ ಹತ್ತಿದ. ಆ ಮಾತ್ರೆಗಳನ್ನು ಎಣಿಸಿ ಕೊಟ್ಟವನು ನಾನೇ. ನನ್ನ ತೀರ್ಪಿನ ವಿಷಯ ಅವನಿಗೆ ಒಮ್ಮೆಯೂ ಹೇಳಲಿಲ್ಲ.

ಮೊನ್ನೆ ಲ್ಯಾಬಿನಿಂದ ಹೊರಬಂದು ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತೆ. ಡಾಕ್ಟರು ಈಗ ಇಲ್ಲ, ಶೇಕ್ಷಾವಲಿಯೂ ಇಲ್ಲ. ತಕ್ಕಡಿಯ ಮೇಲೆ ನನ್ನನ್ನು ಕಂಡವರಲ್ಲಿ ಗೌರಿ ಇದ್ದಾಳೆ. ಸೂಜಿ ಚುಚ್ಚಿದ್ದನ್ನು ಕಂಡವನು ಒಬ್ಬನೇ, ಮೋಕದ ಬಸಣ್ಣ. ಎಂಬತ್ತರ ಹತ್ತಿರ ಬಂದಿದ್ದಾನೆ, ಕಿವಿ ಮಂದವಾಗಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಸ್ವಲ್ಪ ಜೋರಾಗಿಯೇ ಹೇಳಬೇಕಾಗುತ್ತದೆ.