ಎಡಗಾಲಿನ ಮೂರು ಗೆರೆ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಎಡಗಣ್ಣು ಅದುರಿತು, ಬೆಕ್ಕು ಅಡ್ಡ ಬಂತು ಎಂದು ಹೊರಟ ಕೆಲಸ ನಿಲ್ಲಿಸುವವರನ್ನು ಧಾರವಾಡದಲ್ಲಿದ್ದಾಗಲೇ ಗೇಲಿ ಮಾಡುತ್ತಿದ್ದೆ. ಲಂಡನ್ನಿಗೆ ಬಂದು, ಮೂವತ್ತೈದು ದಾಟಿದ ಮೇಲೆ ವಿಮಾನದಿಂದ ಜಿಗಿಯುವ ಹುಚ್ಚು ಹತ್ತಿದಾಗ ಆ ಗೇಲಿ ಇನ್ನಷ್ಟು ಗಟ್ಟಿಯಾಯಿತು. ಪ್ಯಾರಾಚೂಟು ಶಕುನ ನೋಡುವುದಿಲ್ಲ. ಸರಿಯಾದದ್ದನ್ನು ಆರಿಸಿ, ಸರಿಯಾಗಿ ಮಡಚಿದರೆ ಕಾಪಾಡುತ್ತದೆ. ಇಷ್ಟೇ ನನ್ನ ಧರ್ಮವಾಗಿತ್ತು. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ಆದರೆ ಇದರಲ್ಲಿ ನಂಬಿಕೆಯ ಹಂಗೇ ಇಲ್ಲದ ಒಂದು ಭಾಗವಿದೆ. ದಯವಿಟ್ಟು ಅದನ್ನು ಬಿಟ್ಟು ಓದಬೇಡಿ.

ಪಾರ್ಕ್ ರಾಯಲ್‌ನ ಒಂದು ವರ್ಕ್‌ಶಾಪಿನಲ್ಲಿ ವಿಮಾನದ ಸೀಟುಗಳಿಗೆ ಕವರ್ ಹೊಲಿಯುವುದು ನನ್ನ ಉದ್ಯೋಗ. ಪ್ಯಾರಾಚೂಟುಗಳನ್ನು ತಪಾಸಣೆ ಮಾಡಿ ರಿಪೇರಿ ಮಾಡುವುದಕ್ಕೂ ಪರೀಕ್ಷೆ ಪಾಸಾಗಿದ್ದೇನೆ. ಜಿಗಿತದಲ್ಲಿ ನಮ್ಮದು ಮೂವರ ತಂಡ. ನಾನು, ಉಡುಪಿ ಕಡೆಯ ವಿಲ್ಫ್ರೆಡ್, ಮತ್ತೆ ನಾವು ಕ್ಯಾಪ್ಟನ್ ಎಂದು ಕರೆಯುತ್ತಿದ್ದ ಪಿನ್ನರ್ ಕಡೆಯ ಒಬ್ಬ ಇಂಗ್ಲಿಷ್ ಹಿರಿಯರು. ಪ್ಯಾರಾಚೂಟು ಬಿಚ್ಚಿಕೊಂಡ ಮೇಲೆ ಗಾಳಿಯಲ್ಲೇ ಒಬ್ಬರ ಮೇಲೊಬ್ಬರು ಬಂದು ನಿಲ್ಲುವುದು ನಮ್ಮ ಆಟ. ಮೇಲಿನವನು ಕೆಳಗಿನವನ ಪ್ಯಾರಾಚೂಟಿನ ದಾರಗಳ ನಡುವೆ ಕಾಲು ತೂರಿಸಿ, ಪಾದ ಸಿಕ್ಕಿಸಿಕೊಂಡು, ಹಾಗೇ ಇಬ್ಬರೂ ಒಟ್ಟಿಗೆ ಇಳಿಯಬೇಕು.

ಇದಕ್ಕೆ ಬೇರೆಯೇ ಪ್ಯಾರಾಚೂಟು ಬೇಕು. ದಾರ ದಪ್ಪವಾಗಿರಬೇಕು, ಏಕೆಂದರೆ ಅದರ ನಡುವೆ ಇರುವುದು ಇನ್ನೊಬ್ಬರ ಮಾಂಸ. ಎಲ್ಲರದೂ ಅವರವರ ತೂಕಕ್ಕೆ ಹೊಂದಿ ಒಂದೇ ವೇಗದಲ್ಲಿ ಇಳಿಯಬೇಕು. ಸಣ್ಣ, ಚುರುಕಾದ ಪ್ಯಾರಾಚೂಟು ಒಬ್ಬನೇ ಹಾರುವವನಿಗೆ ಚೆಂದ. ಇನ್ನೊಬ್ಬ ಬಂದು ಮುಟ್ಟಿದರೆ ಅದು ಮುದುಡಿ ಗಿರಗಿರನೆ ತಿರುಗತೊಡಗುತ್ತದೆ.

ಒಂದು ಮಂಗಳವಾರ ಸಂಜೆ ಕ್ಯಾಪ್ಟನ್ ತಮ್ಮ ಮನೆಯ ಹಿಂದಿನ ಹುಲ್ಲಿನ ಮೇಲೆ ಹೊಸ ಪ್ಯಾರಾಚೂಟು ಹರಡಿ ತೋರಿಸಿದರು. ಸಣ್ಣದು, ನೀಲಿ, ಬಹಳ ಚುರುಕು. ದಾರ ಬೆರಳಿಗೆ ಸುತ್ತಿ ನೋಡಿದೆ. ಗಾಳಿಪಟದ ಮಾಂಜಾ ಹಿಡಿದಂತಾಯಿತು. ಇದರಲ್ಲಿ ನಾನು ಕಾಲಿಡುವುದಿಲ್ಲ, ಬೇರೆ ಯಾರೂ ಇಡಬಾರದು ಎಂದೆ. ಕ್ಯಾಪ್ಟನ್ ನಕ್ಕರು. ಹಳೆಯದು ರಿಪೇರಿಯಲ್ಲಿದೆ, ಶನಿವಾರ ನೋಡಲು ಜನ ಬರುತ್ತಾರೆ, ಒಂದೇ ಒಂದು ಜಿಗಿತ ತಾನೆ ಎಂದರು. ಅಪಾಯ ತಮ್ಮದಲ್ಲವಲ್ಲ! ದಾರ ಅವರದು, ಅದರೊಳಗೆ ಹೋಗುವ ಕಾಲು ವಿಲ್ಫ್ರೆಡ್‌ನದು.

ವಾಪಸು ಬರುವಾಗ ಕಾರಿನಲ್ಲಿ ವಿಲ್ಫ್ರೆಡ್‌ಗೆ ಇನ್ನೊಮ್ಮೆ ಹೇಳಿದೆ.

"ಎಂತ ಮಾಡುದು ಅಕ್ಕ, ಅವರಿಗೆ ನಮಗಿಂತ ಇಪ್ಪತ್ತು ವರ್ಷ ಹೆಚ್ಚು ಅನುಭವ ಅಲ್ವಾ? ನೀವು ಸುಮ್ಮನೆ ಹೆದರಬೇಡಿ ಮಾರಾಯ್ರೆ," ಎಂದ.

ಪ್ರತಿಭಟನೆ ಎಂದುಕೊಂಡು ನಾನು ಶನಿವಾರ ಹೋಗಲಿಲ್ಲ. ಫೆಲ್ಥಮ್‌ನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತು ಗಂಡನ ಏರ್‌ಪೋರ್ಟ್ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದೆ. ಒಲೆಯ ಮೇಲಿನ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಎಡಗಾಲನ್ನು ಯಾರೋ ಹಿಂದಿನಿಂದ ಬಿಗಿದು ಎಳೆದಂತಾಯಿತು. ಬಿದ್ದೆ. ಸದ್ದು ಕೇಳಿ ಗಂಡ ಓಡಿ ಬಂದರು.

"ಏನಾತ? ಎದ್ಯಾಗ ನೋವಾತೇನು?" ಎಂದವರು ಬಗ್ಗಿ ನನ್ನ ಕಾಲು ನೋಡಿದರು. ಆಮೇಲೆ, "ಇದೇನ ಸುತಗೊಂಡಿದ್ದಿ ಕಾಲಿಗೆ?" ಎಂದರು.

ಏನೂ ಸುತ್ತಿರಲಿಲ್ಲ. ಹಿಮ್ಮಡಿಯಿಂದ ಒಂದು ಗೇಣು ಮೇಲೆ ಮೂರು ಕೆಂಪು ಗೆರೆಗಳು ಕಾಲನ್ನು ಪೂರ್ತಿ ಬಳಸಿದ್ದವು. ಕೂದಲಿನಷ್ಟು ತೆಳ್ಳಗೆ, ಆಳವಾಗಿ ಒಳಗಿಳಿದಿದ್ದವು. ರಕ್ತವಿಲ್ಲ. ನೆಲದ ಮೇಲೆ ಒಂದು ಎಳೆ ದಾರವೂ ಇರಲಿಲ್ಲ.

ವಿಲ್ಫ್ರೆಡ್‌ಗೆ ಫೋನ್ ಮಾಡಿದೆ. ಸ್ವಿಚ್ ಆಫ್. ನಾವು ಜಿಗಿಯುವ ಕ್ಲಬ್ಬಿನ ಆಫೀಸಿಗೆ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ಅವರ ವಿಮಾನ ಇನ್ನೂ ಹೊರಟಿಲ್ಲ ಎಂದಳು. ನಿಲ್ಲಿಸಿ ಎಂದೆ. ಯಾಕೆ ಎಂದು ಕೇಳಿದಳು. ನಾನು ಕಾಲು ನೋಡಿಕೊಂಡೆ. ಏನು ಹೇಳಲಿ? ಫೆಲ್ಥಮ್‌ನಲ್ಲಿ ನನ್ನ ಕಾಲಿಗೆ ಗೆರೆ ಬಿದ್ದಿದೆ, ಅಲ್ಲಿ ವಿಮಾನ ನಿಲ್ಲಿಸಿ ಎಂದೇ? ನಾಚಿಕೆಯಾಯಿತು. ಕ್ಯಾಪ್ಟನ್ನರ ದಾರ ತೆಳ್ಳಗಿದೆ, ಪ್ಯಾರಾಚೂಟುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದೆ. ಅವಳು ಫೋನ್ ಕೆಳಗಿಟ್ಟು ಹೋಗಿ, ಕ್ಯಾಪ್ಟನ್ನರನ್ನು ಕೇಳಿಕೊಂಡು ಬಂದಳು. ಅದನ್ನು ನೀವು ಆಗಲೇ ಹೇಳಿದ್ದೀರಂತೆ, ಅವರು ನೋಡಿಕೊಳ್ಳುತ್ತಾರಂತೆ ಎಂದಳು.

ನೋಡಿಕೊಂಡರು! ವಿಲ್ಫ್ರೆಡ್ ಮೇಲೆ ಬಂದು ಕಾಲು ಸಿಕ್ಕಿಸುತ್ತಿದ್ದಂತೆ ಆ ನೀಲಿ ಬಟ್ಟೆ ಮುದುಡಿ ಬುಗುರಿಯಂತೆ ತಿರುಗಿತು. ಕ್ಯಾಪ್ಟನ್ ಅದನ್ನು ಕಳಚಿಕೊಂಡು, ತುರ್ತಿಗೆಂದು ಬೆನ್ನಿಗಿದ್ದ ತಮ್ಮ ಎರಡನೆಯ ಪ್ಯಾರಾಚೂಟು ಬಿಚ್ಚಿ, ಒಂದು ಗೀರೂ ಆಗದಂತೆ ಇಳಿದರು. ಅವರು ಕಳಚಿದ್ದು, ತನ್ನ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ವಿಲ್ಫ್ರೆಡ್‌ನ ಕಾಲಿಗೆ ದಾರಗಳ ಸಮೇತ ಸುತ್ತಿಕೊಂಡೇ ನೆಲಕ್ಕೆ ಬಂತು.

ಮರುದಿನ ಆಸ್ಪತ್ರೆಗೆ ಹೋದಾಗ ನರ್ಸ್ ಪಟ್ಟಿ ಬದಲಾಯಿಸುತ್ತಿದ್ದಳು. ಎಡಗಾಲು. ಹಿಮ್ಮಡಿಯಿಂದ ಒಂದು ಗೇಣು ಮೇಲೆ. ಮೂರು ಗಾಯ.

ನರ್ಸ್ ಹೊರಗೆ ಹೋದ ಮೇಲೆ ನನ್ನ ಪ್ಯಾಂಟು ಮೇಲೆತ್ತಿ ತೋರಿಸಿದೆ. ವಿಲ್ಫ್ರೆಡ್ ಶಿಲುಬೆಯ ಗುರುತು ಮಾಡಿಕೊಂಡ.

"ಎಷ್ಟು ಗಂಟೆಗೆ ಅಕ್ಕ?"

"ಹನ್ನೊಂದೂ ಹತ್ತಕ್ಕೆ."

"ಆಗ ನಾನು ಕೆಳಗೇ ಇದ್ದೆ. ಚಾ ಕುಡೀತಾ ಇದ್ದೆ. ನಾವು ಜಂಪ್ ಮಾಡಿದ್ದು ಹನ್ನೆರಡು ಆದ ಮೇಲೆ ಅಲ್ವಾ," ಎಂದ.

ನನ್ನ ಗೆರೆಗಳು ಗುರುವಾರದ ಹೊತ್ತಿಗೆ ಮಾಸಿದವು. ಅದಕ್ಕೂ ಮೊದಲು ನೋಡಿದ ನಮ್ಮ ಜಿಪಿ ಡಾಕ್ಟರು, ಬಿಗಿಯಾದ ಸಾಕ್ಸಿನ ಗುರುತು ಎಂದರು. ವಿಲ್ಫ್ರೆಡ್‌ನ ಪಾದ ಈಗಲೂ ಸರಿಯಾಗಿ ಮೇಲೇಳುವುದಿಲ್ಲ, ಮೆಟ್ಟಿಲು ಹತ್ತುವಾಗ ಎಡವುತ್ತಾನೆ. ಕ್ಯಾಪ್ಟನ್ ಹೂವು ಹಿಡಿದು ಬಂದು, ದುರದೃಷ್ಟ ಎಂದು ಹೋದರು. ಅಪಘಾತದ ವರದಿಯಲ್ಲಿ ಅನಿರೀಕ್ಷಿತ ಗಾಳಿ ಎಂದು ಬರೆದರು. ಅನಿರೀಕ್ಷಿತವಂತೆ! ನಾನು ಬೆರಳಿಗೆ ಸುತ್ತಿ ತೋರಿಸಿದ್ದೆ.

ನಮ್ಮ ಕನ್ನಡದವರು ಸೇರಿದಲ್ಲೆಲ್ಲ ಈಗಲೂ, "ಆ ಕಾಲಿನ ವಿಷಯ ಹೇಳ್ರಿ" ಎಂದು ಸುತ್ತ ಕೂರುತ್ತಾರೆ. ಗೆರೆಯ ಕಥೆಗೆ ಕಣ್ಣರಳಿಸುತ್ತಾರೆ. ದಾರದ ದಪ್ಪದ ಮಾತು ತೆಗೆದರೆ ಒಬ್ಬೊಬ್ಬರೇ ಊಟಕ್ಕೆ ಏಳುತ್ತಾರೆ. ಆ ದಿನ ಫೋನಿನಲ್ಲಿ ನಾನು ಕಾಲಿನ ವಿಷಯವನ್ನೇ ಹೇಳಿದ್ದರೆ ವಿಮಾನ ನಿಲ್ಲುತ್ತಿತ್ತೇನೋ ಎಂದು ಆಗೆಲ್ಲ ಅನ್ನಿಸಿ ಮೈಯೆಲ್ಲ ಉರಿಯುತ್ತದೆ.

ಅದು ಏನು, ಎಲ್ಲಿಂದ ಬಂತು, ನನಗೆ ಇಂದಿಗೂ ಗೊತ್ತಿಲ್ಲ. ಯಾರೋ ಕೊಟ್ಟ ಎಚ್ಚರಿಕೆ ಎನ್ನುತ್ತಾರೆ ಕೆಲವರು. ಇರಬಹುದು. ಆದರೆ ನನಗೆ ಎಚ್ಚರಿಕೆ ಬೇಕಿರಲಿಲ್ಲ, ನನಗೆ ಮಂಗಳವಾರವೇ ಗೊತ್ತಿತ್ತು. ಅದು ಬೇಕಿದ್ದವರ ಕಾಲಿನ ಮೇಲೆ ಅವತ್ತು ಒಂದು ಗೆರೆಯೂ ಏಕೆ ಮೂಡಲಿಲ್ಲ?