ಎಪ್ಪತ್ತು ದಾಟಿದವರನ್ನು ಕೇಳಬಾರದಂತೆ!

ಕಳೆದ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಶೆಟ್ಟಿಹಳ್ಳಿಯ ನಮ್ಮ ಗೇಟಿನ ಬಳಿ ನಾನು, ಪಕ್ಕದ ಮನೆಯ ಜಯಮ್ಮ ನಿಂತಿದ್ದೆವು. ನಾಗಸಂದ್ರದ ಶೆಡ್ಡುಗಳಲ್ಲಿರುವ ಕಟ್ಟಡ ಕಾರ್ಮಿಕರಿಗೆಂದು ಹಳೇ ಬಟ್ಟೆ ಸಂಗ್ರಹಿಸುತ್ತಿದ್ದ ಬಡಾವಣೆಯ ಇಬ್ಬರು ಯುವತಿಯರು ನಮ್ಮೆರಡು ಮನೆಗಳನ್ನು ಬಿಟ್ಟು ಮುಂದೆ ಹೋದರು. ಕರೆದು ಕಾರಣ ಕೇಳಿದೆ.

"ಎಪ್ಪತ್ತು ದಾಟಿದವ್ರನ್ನ ಕೇಳೋದ್ ಬೇಡ ಅಂತ ಬಡಾವಣೆ ವಾಟ್ಸಾಪ್ ಗ್ರೂಪಲ್ಲಿ ಡಿಸೈಡ್ ಆಗಿದೆ ಆಂಟಿ. ನಿಮ್ಗ್ಯಾಕೆ ತೊಂದ್ರೆ?" ಎಂದಳು ಒಬ್ಬಳು.

"ಯಾರನ್ನ ಕೇಳಿ ಡಿಸೈಡ್ ಮಾಡಿದ್ರಿ? ಇಪ್ಪತ್ತರಲ್ಲಿ ಕೊಡೋಕೆ ನನ್ನತ್ರ ಏನೂ ಇರ್ಲಿಲ್ಲ. ನಲವತ್ತರಲ್ಲಿ ಮಕ್ಕಳ ಫೀಸು, ಪುರುಸೊತ್ತೂ ಇರ್ಲಿಲ್ಲ. ಕೊಡೋ ವಯಸ್ಸು ಈಗ ಬಂದಿದೆ ಕಣಮ್ಮ, ಈಗ ಬೇಡ ಅಂತೀರಾ?" ಎಂದೆ.

"ಇನ್ನೂ ಜೋರಾಗಿ ಹೇಳ್ರೀ, ಕಿವಿ ಮಂದ ಇರೋದು ಗ್ರೂಪಿಗೇ!" ಎಂದರು ಜಯಮ್ಮ.

ಆ ಯುವತಿಯರ ಕೈಲಿದ್ದ ಬಟ್ಟೆ ಮೂಟೆ ಬಿಚ್ಚಿ ನೋಡಿದೆ. ಅರ್ಧದಷ್ಟು ಅಂಗಿಗಳಿಗೆ ಗುಂಡಿಯೇ ಇರಲಿಲ್ಲ. ತೊಡಲಾಗದ್ದನ್ನು ಕೊಡುವುದು ದಾನವಲ್ಲ, ಬೀರು ಖಾಲಿ ಮಾಡುವ ಕೆಲಸ. ಮೂಟೆಯನ್ನು ಒಳಗಿರಿಸಿಕೊಂಡು, ಇಬ್ಬರಿಗೂ ಸಂಜೆ ಐದಕ್ಕೆ ಬರಲು ಹೇಳಿದೆ.

ಬಂದವರು ಸೂಜಿಗೆ ದಾರ ಪೋಣಿಸಿಕೊಟ್ಟರು, ಹೊಲಿದದ್ದು ನಾನು ಮತ್ತು ಜಯಮ್ಮ. ಕೇಳದೆ ನಮ್ಮನ್ನು ದಾಟಿ ಹೋದ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಕೊನೆಯ ಗುಂಡಿ ಹೊಲಿದು, ನನ್ನ ಎರಡು ಸ್ವೆಟರುಗಳನ್ನು ಮೇಲಿಟ್ಟು ಏಳು ಗಂಟೆಗೆ ಮೂಟೆ ಕಟ್ಟಿದೆ.